ಧ್ಯೇಯವಾಕ್ಯ ಮತ್ತು ಕೆರೆಯ ನೀರು

ಕೂಲಿ ಕೊಡುವ ಧಣಿ ನಮ್ಮ ಮೈಯನ್ನಷ್ಟೇ ಕೇಳ್ತಾನೆ. ಧ್ಯೇಯ ಹೇಳುವ ಧಣಿ ನಂಬಿಕೆಯನ್ನೂ ಕೇಳ್ತಾನೆ. ಹಾಗಾದರೆ ಅವನಾಡಿದ ಮಾತಿಗೆ ಅವನನ್ನೇ ಕಟ್ಟಿಹಾಕುವ ಹಕ್ಕು ದುಡಿಯುವವರಿಗೆ ಉಂಟೋ ಇಲ್ಲವೋ? ನಮ್ಮ ಪ್ರಶ್ನೆ ಇಷ್ಟೇ.

1998ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಗೂಗಲ್ ಕಂಪನಿಯ ಧ್ಯೇಯ, ಲೋಕದ ಮಾಹಿತಿಯನ್ನೆಲ್ಲ ಜೋಡಿಸಿ ಎಲ್ಲರ ಕೈಗೂ ಎಟುಕಿಸೋದು. ಒಳ್ಳೆಯ ಮಾತೇ. ಅಕ್ಷರದಿಂದ ದೂರ ಇಡಲ್ಪಟ್ಟ ನಮಗಂತೂ ಹಿತವಾದ ಮಾತು.

ಆ ಕಂಪನಿಯ ಸುದ್ದಿ ವಿಭಾಗದಲ್ಲಿ ಮ್ಯಾನೇಜರಾಗಿದ್ದವರು ತನುಜಾ ಗುಪ್ತಾ. 2022ರ ಏಪ್ರಿಲ್‌ನಲ್ಲಿ ಜಾತಿಯ ಬಗ್ಗೆ ಮಾತಾಡಲು ದಲಿತ ಹೋರಾಟಗಾರ್ತಿ ತೇನ್‌ಮೊಳಿ ಸೌಂದರರಾಜನ್ ಅವರನ್ನು ಕರೆದರು. ಈಕೆ ಹಿಂದೂ ವಿರೋಧಿ ಅಂತ ಕೆಲವು ನೌಕರರು ಎದ್ದರು. ಭಾಷಣ ರದ್ದಾಯಿತು. ಜಾತಿಭೇದಕ್ಕೆ ನಮ್ಮಲ್ಲಿ ಜಾಗವಿಲ್ಲ, ಆದರೆ ಈ ಭಾಷಣ ಒಡಕು ತರ್ತಿದೆ ಎಂದು ಕಂಪನಿ ಹೇಳಿತು. ಗುಪ್ತಾ ರಾಜೀನಾಮೆ ಕೊಟ್ಟು ಹೊರನಡೆದರು.

ಈ ನ್ಯಾಯ ನಮಗೆ ಹೊಸದಲ್ಲ. ಹೋಟೆಲಿನಲ್ಲಿ ಎರಡು ಲೋಟ ಇಟ್ಟವನು ಒಡಕು ತಂದವನಲ್ಲ. ಎರಡು ಲೋಟ ಯಾಕೆ ಅಂತ ಕೇಳಿದವನೇ ಒಡಕು ತಂದವನು!

ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಎಂದು ಬೊಂಬಾಯಿ ಶಾಸನಸಭೆ 1923ರಲ್ಲೇ ಠರಾವು ಮಾಡಿತ್ತು. ಆದರೂ ಮಹಾಡದ ಕೆರೆಯ ನೀರು ಮುಟ್ಟಲು ಅಂಬೇಡ್ಕರರು 1927ರಲ್ಲಿ ಸಾವಿರಾರು ಜನರ ಜೊತೆ ನಡೆಯಬೇಕಾಯಿತು. ಮುಟ್ಟಿದ್ದಕ್ಕೆ ಏಟೂ ಬಿತ್ತು. ಧ್ಯೇಯವಾಕ್ಯವೂ ಒಂದು ಠರಾವೇ. ಅದು ನಿಜವೋ ಸುಳ್ಳೋ ಗೊತ್ತಾಗೋದು ಯಾರಾದರೂ ಬೊಗಸೆ ಒಡ್ಡಿದಾಗ. ಗುಪ್ತಾ ಕಂಪನಿಗೆ ದ್ರೋಹ ಮಾಡಲಿಲ್ಲ. ಅದರ ಮಾತನ್ನೇ ನಿಜವೆಂದು ಹಿಡಿದರು.

ಆದರೆ ರಾಜೀನಾಮೆ ಎಲ್ಲರ ಕೈಲಾಗುವ ಮಾತಲ್ಲ. ಕೇರಿಯಿಂದ ಓದಿ ಹೋದ ಮೊದಲ ಹುಡುಗನಿಗೆ ಊರಲ್ಲಿ ಸಾಲ, ತಂಗಿಯ ಓದು. ಅಮೆರಿಕದಲ್ಲಿ ಅವನ ವೀಸಾ ಕೂಡ ಕೆಲಸಕ್ಕೇ ಗಂಟುಬಿದ್ದಿರುತ್ತದೆ. ಜಾತಿ ಬಚ್ಚಿಟ್ಟುಕೊಂಡು, ಬಾಯಿ ಮುಚ್ಚಿಕೊಂಡು ದುಡೀತಾನೆ. ಅವನನ್ನು ಹೇಡಿ ಅನ್ನೋಕೆ ನಮಗೆ ನಾಲಿಗೆ ಏಳೋದಿಲ್ಲ. ಇಡೀ ವ್ಯವಸ್ಥೆಯ ಪಾಪವನ್ನು ಒಬ್ಬರ ಆತ್ಮಸಾಕ್ಷಿಯ ಮೇಲೆ ಹೊರಿಸೋದು ನ್ಯಾಯವಲ್ಲ. ಮಹಾಡಕ್ಕೆ ಬಾಬಾಸಾಹೇಬರೂ ಒಬ್ಬರೇ ಹೋಗಲಿಲ್ಲ. ಗೂಗಲ್‌ನ ನೌಕರರೂ 2021ರ ಜನವರಿಯಲ್ಲಿ ತಮ್ಮದೊಂದು ಸಂಘ ಕಟ್ಟಿಕೊಂಡರು. ಸಂಘ ಇದ್ದ ಮಾತ್ರಕ್ಕೆ ಗೆಲುವಿಲ್ಲ, ನಿಜ. ಆದರೆ ಒಂಟಿಯಾದವನಿಗೆ ಬಿಡುವುದು ಅಥವಾ ಸಹಿಸುವುದು ಎರಡೇ ದಾರಿ. ಜೊತೆ ಸಿಕ್ಕರೆ ಅಲ್ಲೇ ನಿಂತು ಕೇಳುವ ಮೂರನೆಯ ದಾರಿ ತೆರೀತದೆ.

ಗೆಳೆಯರೇ, ಯಾವ ಧಣಿಯಾದರೂ ಲೋಕೋದ್ಧಾರದ ಮಾತಾಡಿದರೆ ನಗುವುದು ಬೇಡ, ಕೈಮುಗಿಯುವುದೂ ಬೇಡ. ಆ ಮಾತನ್ನು ಬರೆದಿಟ್ಟುಕೊಳ್ಳೋಣ. ಒಟ್ಟಾಗಿ ಹೋಗಿ ಬೊಗಸೆ ಒಡ್ಡೋಣ.