ಅರ್ಥ ಹೇಳುವ ಅಧಿಕಾರ ಯಾರಿಗೆ?

ಧರ್ಮಗ್ರಂಥದ ಅರ್ಥ ಹೇಳಬೇಕಾದವರು ಪಂಡಿತರೋ, ಅದನ್ನು ನಂಬಿ ಬದುಕುವವರೋ?

ನಿಕರಾಗುವಾದ ಸೊಲೆಂಟಿನಾಮೆ ದ್ವೀಪಗಳಲ್ಲಿ 1966ರಲ್ಲಿ ನೆಲೆಸಿದ ಪಾದ್ರಿ, ಕವಿ ಅರ್ನೆಸ್ಟೊ ಕಾರ್ದೆನಾಲ್ ಭಾನುವಾರ ಪ್ರವಚನ ನೀಡುತ್ತಿರಲಿಲ್ಲ. ಸುವಾರ್ತೆಯ ಒಂದು ಭಾಗವನ್ನು ಓದಿಸಿ, ನಿಮಗೇನು ಅನ್ನಿಸಿತು ಎಂದು ರೈತರನ್ನೂ ಬೆಸ್ತರನ್ನೂ ಕೇಳುತ್ತಿದ್ದರು. ಅಕ್ಷರ ಬಾರದವರೂ ಅರ್ಥ ಹೇಳುತ್ತಿದ್ದರು. ಬಡವರ ನಡುವೆ ಹುಟ್ಟಿದ ಯೇಸುವಿನ ಕತೆ ಅವರಿಗೆ ಪರರ ಕತೆಯಾಗಿರಲಿಲ್ಲ.

1977ರಲ್ಲಿ ಅಲ್ಲಿನ ಕೆಲವು ಯುವಕರು ಸೊಮೋಜಾ ಸರ್ವಾಧಿಕಾರದ ವಿರುದ್ಧ ಆಯುಧ ಹಿಡಿದರು. ಸೇನೆ ಆ ನೆಲೆಯನ್ನೇ ನಾಶಮಾಡಿತು. ಹಾಗಾದರೆ ಅವರ ಓದು ತಪ್ಪಿತೇ?

ಕೂಡಿ ಓದಿದ ಮಾತ್ರಕ್ಕೆ ಅರ್ಥ ಸರಿಯಾಗಬೇಕೆಂದಿಲ್ಲ. ಗುಂಪಿಗೂ ತನ್ನ ಸಿಟ್ಟು, ತನ್ನ ಆಸೆಗಳಿರುತ್ತವೆ. ಆದರೆ ಒಬ್ಬನೇ ಅರ್ಥ ಹೇಳುವಲ್ಲಿ ತಿದ್ದುವವರು ಇರುವುದಿಲ್ಲ. ಆದ್ದರಿಂದ ಕೂಡಿಯೇ ಓದಬೇಕು. 'ನನಗೆ ಹಾಗನ್ನಿಸುವುದಿಲ್ಲ' ಎನ್ನುವವನ ಮಾತನ್ನೂ ಅಲ್ಲಿ ಕೊನೆಯವರೆಗೆ ಕೇಳಬೇಕು.