ನಿನೆವೆಯ ಮಕ್ಕಳ ಲೆಕ್ಕ

ಪ್ರಿಯ ಯೌವನಸ್ಥರೇ, ಯೋನನ ಪುಸ್ತಕ ನಾಲ್ಕನೇ ಅಧ್ಯಾಯ ತೆಗೀರಿ. ಮೀನಿನ ಕಥೆ ಸಂಡೇ ಸ್ಕೂಲಿನಿಂದಲೇ ಗೊತ್ತು, ಇಲ್ಲಿವರೆಗೆ ಮಾತ್ರ ಯಾರೂ ಬರೋದಿಲ್ಲ. ಯೋನನು ಪಟ್ಟಣದ ಹೊರಗೆ ಕೂತಿದ್ದಾನೆ. ಯಾಕೆ? ನಿನೆವೆ ನಾಶವಾಗುತ್ತಾ ಅಂತ ನೋಡೋಕೆ. ನೆರಳು ಕೊಟ್ಟ ಸೋರೆಗಿಡ ಒಣಗಿದ್ದಕ್ಕೆ ಅವನಿಗೆ ಸಿಟ್ಟು. ದೇವರು ಏನು ಕೇಳ್ತಾರೆ? ನೀನು ಗಿಡಕ್ಕೆ ಮರುಗ್ತೀಯ, ಎಡಗೈ ಬಲಗೈ ತಿಳಿಯದ 1,20,000 ಜನಕ್ಕೆ ನಾನು ಮರುಗಬಾರದಾ? ಅಲ್ಲಿನ ದನಗಳನ್ನೂ ದೇವರು ಲೆಕ್ಕಕ್ಕೆ ತಗೊಂಡ್ರು, ಗಮನಿಸಿದ್ರಾ?

1945ರ ಆಗಸ್ಟ್ 6ರಂದು ಹಿರೋಶಿಮಾ, 9ರಂದು ನಾಗಸಾಕಿ. ಆ ವರ್ಷ ಮುಗಿಯೋದ್ರೊಳಗೆ ಎರಡೂ ಊರುಗಳಲ್ಲಿ ಸುಮಾರು 2 ಲಕ್ಷ ಜನ ಸತ್ತರು. ಬಹುಪಾಲು ಸೈನಿಕರಲ್ಲ. ಮೈಮೇಲೆ ಗಾಯವೇ ಇಲ್ಲದ ಮಕ್ಕಳಿಗೆ ಕೆಲವು ವಾರಗಳಲ್ಲಿ ಕೂದಲು ಉದುರಿತು, ಒಸಡಿನಲ್ಲಿ ರಕ್ತ ಬಂತು, ಚರ್ಮದ ಮೇಲೆ ನೇರಳೆ ಚುಕ್ಕೆ ಎದ್ದವು. ಆಮೇಲೆ ಸಾವು. ಅದೇನು ರೋಗ ಅಂತ ಮೊದಲು ಅಲ್ಲಿನ ಡಾಕ್ಟರುಗಳಿಗೂ ತಿಳೀಲಿಲ್ಲ.

ನಾಗಸಾಕಿಯ ಬಾಂಬು ಬಿದ್ದಿದ್ದು ಊರಕಾಮಿ ಚರ್ಚಿನಿಂದ ಸುಮಾರು 500 ಮೀಟರ್ ದೂರದಲ್ಲಿ. ಹಿಂಸೆಯ ಕಾಲದಲ್ಲಿ 200 ವರ್ಷಕ್ಕೂ ಹೆಚ್ಚು ಗುಟ್ಟಾಗಿ ಯೇಸುವನ್ನು ಆರಾಧಿಸಿದವರ ಮೊಮ್ಮಕ್ಕಳು ಮರಿಮಕ್ಕಳ ಸಭೆ ಅದು. ಪಾಪ ಅರಿಕೆ ಮಾಡಲು ಬಂದಿದ್ದವರು ಒಳಗೇ ಸತ್ತರು. (ಅವರು ಕ್ಯಾಥೊಲಿಕ್ಕರಲ್ವಾ ಅಂತ ಯಾರೂ ಪಿಸುಗುಡಬೇಡಿ.) ಕ್ರೈಸ್ತರು ಸತ್ತರು ಅಂತ ಮಾತ್ರ ಇದನ್ನ ಪಾಪ ಅಂತಿಲ್ಲ ನಾನು. ನಿನೆವೆಯವರು ವಿಗ್ರಹಾರಾಧಕರೇ ಆಗಿದ್ರು.

ಬಾಂಬು ಹೊತ್ತ ವಿಮಾನಗಳು ಹೊರಟ ಟಿನಿಯನ್ ದ್ವೀಪದಲ್ಲಿ ಜಾರ್ಜ್ ಜಬೆಲ್ಕಾ ಅನ್ನೋ ಪಾದ್ರಿ ಸೈನಿಕರ ಸೇವೆಯಲ್ಲಿದ್ದರು. ಮಕ್ಕಳನ್ನ, ಮುದುಕರನ್ನ ಕೊಲ್ಲೋದು ತಪ್ಪು ಅಂತ ಆ ಹುಡುಗರಿಗೆ ಒಂದು ಪ್ರಸಂಗವನ್ನೂ ಮಾಡಲಿಲ್ಲ ಅಂತ ಮುಂದೆ ಅವರೇ ಒಪ್ಪಿಕೊಂಡರು. ನನ್ನನ್ನು ಕಾಡೋದು ಇದೇ, ಪ್ರಿಯರೇ. ಯುದ್ಧಕ್ಕೆ ಆಶೀರ್ವಾದ ಬೇಕಾದಾಗ ಪುಲ್ಪಿಟ್ ಸಿಕ್ಕುತ್ತೆ, ತಡೆಯೋಕೆ ಸಿಕ್ಕೋದಿಲ್ಲ.

ಬಾಂಬು ಹಾಕದಿದ್ದರೆ ಯುದ್ಧ ಇನ್ನೂ ನಡೀತಿತ್ತು, ಇನ್ನೂ ಜನ ಸಾಯ್ತಿದ್ರು ಅಂತೀರಿ. ಇರಬಹುದು, ಇತಿಹಾಸಕಾರರೇ ಇನ್ನೂ ವಾದಿಸ್ತಿದ್ದಾರೆ. ಜಪಾನಿನ ಸೈನ್ಯ ಚೀನಾದಲ್ಲಿ, ಕೊರಿಯಾದಲ್ಲಿ ಮಾಡಿದ್ದು ಘೋರವೇ. ಆದರೆ ಆ ಸೈನ್ಯದ ಪಾಪವನ್ನು ತೊಟ್ಟಿಲ ಕೂಸಿನಿಂದ ವಸೂಲಿ ಮಾಡೋಕೆ ನಿಮಗೆ ಅಧಿಕಾರ ಕೊಟ್ಟವರು ಯಾರು?

ಗಡಿಯಲ್ಲಿ ಗಲಾಟೆ ಆದಾಗಲೆಲ್ಲ, ಒಂದು ಬಾಂಬ್ ಹಾಕಿ ಮುಗಿಸಿಬಿಡಿ ಅಂತ ಸ್ಟೇಟಸ್ ಹಾಕ್ತಾರಲ್ಲ, ನಮ್ಮ ಯೂತ್ ಗ್ರೂಪಿನಲ್ಲೂ ಬಂದಿತ್ತು, ಕೆಳಗೆ ಇಪ್ಪತ್ತು ಆಮೆನ್! ಎದ್ದು ನಿಲ್ಲೋಣ. ಫೋನು ಕೆಳಗಿಡಿ. ನಾವು ಶತ್ರು ಅಂತ ಕರೆಯೋ ಒಂದು ಊರಿನ ಹೆಸರು ಹೇಳಿ, ಅಲ್ಲಿನ ಮಕ್ಕಳಿಗೋಸ್ಕರ ಬಾಯಿಬಿಟ್ಟು ಪ್ರಾರ್ಥಿಸೋಣ.