ಒಳಚೆಲುವು ಸಮಾಧಾನಕರ ಬಹುಮಾನವಲ್ಲ

ಖಾನಾಪುರದಿಂದ ಬೆಳಗಾವಿಯ ಕಾಲೇಜುಗಳಿಗೆ ದಿನಾ ಬಸ್ಸಿನಲ್ಲಿ ಓಡಾಡುವ ಹದಿಹರೆಯದವರ ಕೈಯಲ್ಲಿ ಮೊಬೈಲೇ ಈಗ ಕನ್ನಡಿ. ಮನೆಯ ಕನ್ನಡಿ ಇದ್ದದ್ದನ್ನು ತೋರಿಸುತ್ತದೆ. ಇದು ಮೊಡವೆ ಅಳಿಸಿ, ಬಣ್ಣ ತಿಳಿಯಾಗಿಸಿ, ಗಲ್ಲ ಸಣ್ಣದು ಮಾಡಿ, ನೀನು ಹೀಗಿರಬೇಕಿತ್ತು ಎಂದು ತೋರಿಸುತ್ತದೆ. ಹುಡುಗಿಯರಿಗೆ ಬಣ್ಣ, ತೂಕದ ಚಿಂತೆಯಾದರೆ ಹುಡುಗರಿಗೆ ಎತ್ತರ, ತೋಳಿನ ಚಿಂತೆ. ಇದನ್ನು ಕಂಡ ಹಿರಿಯರು ‘ರೂಪದಾಗ ಏನೈತಿ, ಗುಣ ಚಲೋ ಇರಬೇಕು’ ಎಂದು ಬುದ್ಧಿ ಹೇಳುತ್ತಾರೆ. ಮಕ್ಕಳು ನಂಬುವುದಿಲ್ಲ, ಅದಕ್ಕೆ ಕಾರಣವೂ ಇದೆ. ಕನ್ಯಾ ನೋಡಿ ಬಂದ ಸಂಜೆ ಅದೇ ಹಿರಿಯರು ‘ಕಪ್ಪಿದ್ರೂ ಲಕ್ಷಣ ಅದಾಳ’ ಅನ್ನುತ್ತಾರೆ. ಕಪ್ಪು ಒಂದು ಕುಂದು ಎಂಬುದು ಅಲ್ಲಿ ಮೊದಲೇ ತೀರ್ಮಾನವಾಗಿದೆ. ಉಳಿದದ್ದೆಲ್ಲ ಅದಕ್ಕೆ ಕೊಡುವ ಪರಿಹಾರ. ಒಳಚೆಲುವನ್ನು ಹೀಗೆ ಸೋತವರ ಕೈಗಿಡುವ ಸಮಾಧಾನಕರ ಬಹುಮಾನವಾಗಿಸಿದರೆ ಆ ವಿಚಾರದ ಜೀವವೇ ಹೋಗುತ್ತದೆ. ತತ್ತ್ವಚಿಂತನೆಯಲ್ಲಿ ಅದು ಮನುಷ್ಯರನ್ನು ಅಳೆಯುವ ಎರಡನೆಯ ಅಳತೆಗೋಲಲ್ಲ. ಮನುಷ್ಯರನ್ನು ನೋಡುವ ಬಗೆಯನ್ನೇ ತಿದ್ದುವ ವಿಚಾರ.

ಈ ಸಂಕಟವನ್ನು ವಯಸ್ಸಿನ ಹುಚ್ಚು ಎಂದು ತಳ್ಳಿಹಾಕುವಂತಿಲ್ಲ. ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳಲ್ಲಿ ಮೈಕೈ ತುಂಬಿಕೊಂಡ ದೇಹಕ್ಕೇ ಮೆಚ್ಚುಗೆಯಿತ್ತು. ಅಲ್ಲಿನ ನದ್ರೋಗಾ ಪ್ರದೇಶಕ್ಕೆ 1995ರಲ್ಲಿ ಟಿವಿ ಬಂತು. ಸಂಶೋಧಕಿ ಆನ್ ಬೆಕರ್ ಶಾಲಾ ಹುಡುಗಿಯರನ್ನು ಆ ವರ್ಷವೂ 1998ರಲ್ಲೂ ವಿಚಾರಿಸಿದರು. ತೂಕ ಇಳಿಸಲು ಉಂಡದ್ದನ್ನು ಬೇಕೆಂದೇ ವಾಂತಿ ಮಾಡಿಕೊಳ್ಳುವವರು ಮೊದಲ ಸಲ ಒಬ್ಬರೂ ಇರಲಿಲ್ಲ. ಮೂರು ವರ್ಷಗಳಲ್ಲಿ ಅವರ ಪ್ರಮಾಣ ಶೇ. 11.3ಕ್ಕೆ ಮುಟ್ಟಿತ್ತು. ಟಿವಿಯೊಂದೇ ಕಾರಣವೆಂದು ಇದರಿಂದ ಸಾಧಿಸಲಾಗದು. ಆದರೆ ಚೆಲುವಿನ ಅಳತೆ ಹುಟ್ಟಿನೊಂದಿಗೆ ಬರುವುದಲ್ಲ, ಹೊರಗಿನಿಂದ ಬಂದು ಮನೆಮಾಡುತ್ತದೆ ಎಂಬುದಂತೂ ಸ್ಪಷ್ಟ. ನಮ್ಮಲ್ಲಿ 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ಯಾಯಿತು, ಹೆಸರು ಬದಲಾದಷ್ಟು ಸುಲಭವಾಗಿ ಬಿಳಿಬಣ್ಣದ ಮೋಹ ಬದಲಾಗಿಲ್ಲ. ಈ ಅಳತೆ ಒಳಗೆ ಹೊಕ್ಕ ಮೇಲೆ ಏನು ಮಾಡುತ್ತದೆ ಎಂಬುದಕ್ಕೂ ಪುರಾವೆಯಿದೆ. ಅಮೆರಿಕದಲ್ಲಿ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಈಜುಡುಗೆ ತೊಟ್ಟು ಒಂಟಿಯಾಗಿ ಕನ್ನಡಿ ನೋಡಿಕೊಂಡ ಯುವತಿಯರು ಸ್ವೆಟರ್ ತೊಟ್ಟವರಿಗಿಂತ ಗಣಿತದಲ್ಲಿ ಕಡಿಮೆ ಅಂಕ ಪಡೆದರು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ನೋಡುವ ಕಣ್ಣು ತಲೆಯೊಳಗೇ ಕೂತಿತ್ತು; ಲೆಕ್ಕಕ್ಕೆ ಬೇಕಾದ ಗಮನವನ್ನು ಅದು ಕಸಿದುಕೊಂಡಿತು.

ಈ ಕಣ್ಣಿನಿಂದ ಬಿಡುಗಡೆ ಹೇಗೆ ಎಂಬುದೇ ಒಳಚೆಲುವಿನ ಚರ್ಚೆಯ ಮೂಲಪ್ರಶ್ನೆ. ಪ್ಲೇಟೋನ ‘ಸಿಂಪೋಸಿಯಂ’ನಲ್ಲಿ ಚೆಲುವ ಆಲ್ಸಿಬಯಡೀಸ್, ಮೊಂಡುಮೂಗಿನ ಕುರೂಪಿ ಸಾಕ್ರಟೀಸನನ್ನು ಸೈಲೀನಸ್ ಬೊಂಬೆಗೆ ಹೋಲಿಸುತ್ತಾನೆ: ಹೊರಗೆ ವಿಕಾರ, ಬಿಚ್ಚಿದರೆ ಒಳಗೆ ದೇವಮೂರ್ತಿಗಳು. ಹೋಲಿಕೆ ಸೊಗಸಾಗಿದೆ, ಆದರೆ ಚೆಲುವು ದೇಹದ ಹಿಂದೆ ಎಲ್ಲೋ ಅಡಗಿದೆ ಎಂಬ ಭ್ರಮೆಯನ್ನೂ ಹುಟ್ಟಿಸುತ್ತದೆ. ಗಾಂಧೀಜಿ ಇದೇ ಸಾಕ್ರಟೀಸನನ್ನು ನೆನೆದ ಬಗೆ ಬೇರೆ. ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸುವುದಕ್ಕೆ ಕೆಲವೇ ವಾರಗಳ ಮೊದಲು, 1924ರ ನವೆಂಬರಿನ ‘ಯಂಗ್ ಇಂಡಿಯಾ’ದಲ್ಲಿ ಪ್ರಕಟವಾದ ಸಂವಾದವೊಂದರಲ್ಲಿ, ಬದುಕಿಡೀ ಸತ್ಯಕ್ಕಾಗಿ ಹೆಣಗಿದ್ದರಿಂದ ಅವನು ಸುಂದರ ಎಂಬರ್ಥದ ಮಾತು ಹೇಳಿದರು. ಇಲ್ಲಿ ಚೆಲುವು ಅಡಗಿ ಕೂತಿಲ್ಲ. ಅದು ಅವನು ಬೀದಿಯಲ್ಲಿ ಕೇಳಿದ ಪ್ರಶ್ನೆಗಳಲ್ಲಿದೆ, ನ್ಯಾಯಾಲಯದಲ್ಲಿ ಅಂಜದೆ ಆಡಿದ ಮಾತಿನಲ್ಲಿದೆ. ನಡೆನುಡಿಯಲ್ಲಿ ಎಲ್ಲರ ಎದುರಿಗೇ ಕಾಣುವುದು ಒಳಚೆಲುವು.

ಇದಕ್ಕೆ ಖಾನಾಪುರ ತಾಲ್ಲೂಕಿನಲ್ಲೇ ದೊಡ್ಡ ನಿದರ್ಶನವಿದೆ. ಅಲ್ಲಿನ ಕಕ್ಕೇರಿಯನ್ನು 12ನೇ ಶತಮಾನದ ಶರಣ ಡೋಹರ ಕಕ್ಕಯ್ಯನವರ ಐಕ್ಯಸ್ಥಳವೆಂದು ಜನ ನಂಬುತ್ತಾರೆ. ಹಸಿ ತೊಗಲನ್ನು ಹದಮಾಡುವ ಡೋಹರ ಕಸುಬಿನವರು ಅವರು. ಆ ಕಸುಬಿನ ವಾಸನೆ ಹತ್ತಿದ ಮೈಯನ್ನು ಅಂದಿನ ಸಮಾಜ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಬಸವಣ್ಣನವರು ಅವರನ್ನು ತಮ್ಮ ಮನೆತನದ ಹಿರಿಯರ ಸಾಲಿಗೆ ಸೇರಿಸಿಕೊಂಡರು. ಹಾಗೆ ಸೇರಿಸಿಕೊಳ್ಳಲು ಕಕ್ಕಯ್ಯನವರು ಕಸುಬು ಬಿಡಬೇಕಾಗಲಿಲ್ಲ, ಮೈಬಣ್ಣ ತೊಳೆದುಕೊಳ್ಳಬೇಕಾಗಲಿಲ್ಲ. ಬದಲಾದದ್ದು ನೋಡುವವರ ಕಣ್ಣು. ದೇಹವನ್ನು ಕಾಣುವ ವಸ್ತುವೆಂದಲ್ಲ, ಕಾಯಕ ಮಾಡುವ ಜೀವವೆಂದು ಕಂಡದ್ದೇ ಆ ಬದಲಾವಣೆ. ಇದೇ ತರ್ಕ ಬೆಳಗಾವಿಯ ತಾಲೀಮುಗಳಲ್ಲೂ ಇದೆ. ಕೆಮ್ಮಣ್ಣಿನಲ್ಲಿ ವರ್ಷಗಟ್ಟಲೆ ಹಿಡಿತ ಹಾಕಿದ ಪೈಲ್ವಾನನ ಕಿವಿ ಜಜ್ಜಿ, ಬಾತು, ಗಂಟುಗಟ್ಟಿರುತ್ತದೆ. ಜಾಹೀರಾತಿನ ಕಣ್ಣಿಗೆ ಅದು ವಿಕಾರ. ಕಣದಲ್ಲಿ ಮಾತ್ರ ಮರ್ಯಾದೆಯ ಗುರುತು.

ಲೋಕ ರೂಪಕ್ಕೇ ಮಣೆ ಹಾಕುವಾಗ ಈ ತತ್ತ್ವ ಯಾವ ಪ್ರಯೋಜನಕ್ಕೆ ಎಂದು ಕೇಳಬಹುದು. ನೌಕರಿಯಲ್ಲೂ ಮದುವೆಯಲ್ಲೂ ಮುಖ ನೋಡಿ ಮಣೆ ಹಾಕುವುದು ಸುಳ್ಳಲ್ಲ. ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರು ಖಾನಾಪುರದ ಕಾಡಂಚಿನಲ್ಲೂ ನೆಲೆಸಿದ್ದಾರೆ. ಆ ಸಮುದಾಯದ ಹುಡುಗಿಯ ಗುಂಗುರು ಕೂದಲನ್ನು ತರಗತಿ ಆಡಿಕೊಂಡರೆ, ‘ನಿನ್ನ ಮನಸ್ಸು ಚೆಂದ ಐತಿ, ಬಿಡು’ ಎನ್ನುವುದು ಆಡಿಕೊಂಡವರನ್ನು ಬಿಟ್ಟು ನೊಂದವಳಿಗೇ ಪಾಠ ಹೇಳಿದಂತೆ. ಅವಳ ಕೂದಲಿನಲ್ಲಿ ಕುಂದಿಲ್ಲ, ಪರಿಹಾರದ ಅಗತ್ಯವೂ ಇಲ್ಲ. ತಿದ್ದಬೇಕಾದದ್ದು ನಕ್ಕವರನ್ನು, ಒಳಚೆಲುವಿನ ಕೊರತೆ ಆ ಗಳಿಗೆಯಲ್ಲಿ ಇದ್ದದ್ದು ಅವರಲ್ಲಿ. ಹಾಗಾದರೆ ಸಿಂಗಾರ ತಪ್ಪೇ? ಅಲ್ಲ. ದೇಹವನ್ನು ದೇಗುಲವೆಂದು ಕಂಡ ಶರಣ ಪರಂಪರೆಗೆ ಅಬ್ಬಲಿ ಮುಡಿಯುವುದಾಗಲಿ ವ್ಯಾಯಾಮವಾಗಲಿ ಬೇಡವಾದದ್ದಲ್ಲ. ಖುಷಿಗೆ ಮಾಡುವ ಅಲಂಕಾರ ಬೇರೆ, ಬೈಸಿಕೊಳ್ಳುವ ಅಂಜಿಕೆಗೆ ಮಾಡುವುದು ಬೇರೆ. ರೂಪದ ಪರೀಕ್ಷೆಯ ಜಾಗಕ್ಕೆ ಗುಣದ ಪರೀಕ್ಷೆ ಬಂದೀತೆಂಬ ಆತಂಕ ಈ ಎರಡು ಆಕ್ಷೇಪಗಳಿಗಿಂತ ಗಟ್ಟಿಯಾದದ್ದು. ಆದರೆ ಗುಣಕ್ಕೆ ರ‍್ಯಾಂಕು ಕಟ್ಟಲು ಬರುವುದಿಲ್ಲ. ಒಬ್ಬರ ಕರುಣೆ ಇನ್ನೊಬ್ಬರದನ್ನು ಕುಗ್ಗಿಸುವುದಿಲ್ಲ. ಚೆಂದ ಕಾಣಲೆಂದು ಮಾಡಿದ ಉಪಕಾರ ಆ ಕ್ಷಣವೇ ಪ್ರದರ್ಶನವಾಗಿಬಿಡುತ್ತದೆ. ಊಟ ಬಿಡುವಷ್ಟು, ಉಂಡದ್ದನ್ನು ಕಕ್ಕುವಷ್ಟು ಸಂಕಟ ಬೆಳೆದಿದ್ದರೆ ಮಾತ್ರ ಅಲ್ಲಿ ಬೇಕಾದದ್ದು ತತ್ತ್ವವಲ್ಲ, ವೈದ್ಯರು.

ಹೀಗೆ ನೋಡಿದರೆ ಒಳಚೆಲುವಿನ ಪಾಠ ಹದಿಹರೆಯದವರಿಗಿಂತ ಮೊದಲು ಅವರ ಸುತ್ತಲಿನವರಿಗೆ ಬೇಕು. ಊಟಕ್ಕೆ ಕೂತಾಗ ನೆಂಟರ ಮಗಳ ತೂಕದ ಮಾತು ನಿಲ್ಲಬೇಕು. ತರಗತಿಯಲ್ಲಿ ಕರಿಯಾ, ಡುಮ್ಮಿ ಎಂಬ ಅಡ್ಡಹೆಸರುಗಳಿಗೆ ಶಿಕ್ಷಕರು ನಗಬಾರದು. ಕನ್ಯಾ ನೋಡಲು ಹೋದವರು ಬಣ್ಣದ ಲೆಕ್ಕ ಒಪ್ಪಿಸುವುದನ್ನು ಬಿಡಬೇಕು. ಹಿರಿಯರ ನಡೆಯಲ್ಲಿ ಇಷ್ಟು ಕಂಡ ಮೇಲೆ ‘ಗುಣ ಚಲೋ ಇರಬೇಕು’ ಎಂಬ ಮಾತನ್ನು ಮಕ್ಕಳಿಗೆ ಹೇಳಿದರೂ ನಡೆದೀತು. ಬಹುಶಃ ಆಗ ಹೇಳುವ ಅಗತ್ಯವೇ ಬೀಳುವುದಿಲ್ಲ.